ಮ್ಯೂನಿಕ್‌ಗೆ ಬಂದ ಮೊದಲ ಮೂರು ತಿಂಗಳು: ಯಾವುದು ಮೊದಲು, ಯಾವುದು ಆಮೇಲೆ?

ಹೊಸ ಬಾಡಿಗೆದಾರ

ಅಕ್ಟೋಬರ್ 1ಕ್ಕೆ ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಬೇಕು, ಬ್ಲೂ ಕಾರ್ಡ್‌ಗಾಗಿ (ಪರಿಣತ ಕೆಲಸಗಾರರ ವಾಸ-ಕೆಲಸದ ಪರವಾನಗಿ) ಕೊಟ್ಟ ವೀಸಾ ಇದೆ. ಮೊದಲ ಆರು ವಾರಕ್ಕೆ ಕಂಪನಿಯೇ ಫರ್ನಿಶ್ಡ್ ಫ್ಲ್ಯಾಟ್ ಕೊಡುತ್ತೆ. ಹೆಂಡತಿ, ನಾಲ್ಕು ವರ್ಷದ ಮಗಳು ಡಿಸೆಂಬರ್‌ಗೆ ಬರ್ತಾರೆ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಪೂರ್ತಿ ಹೆಸರು ಗಿವನ್ ನೇಮ್‌ನಲ್ಲೇ ಇದೆ. ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ, ಯಾವುದರ ಹಿಂದೆ ಯಾವುದು ಅಂತ ಒಂದೂ ಹೇಳಲ್ಲ. ಬ್ಯಾಂಕಿಗೆ ವಿಳಾಸ ಬೇಕು, ಮನೆಗೆ ಬ್ಯಾಂಕ್ ಬೇಕು, ಸಂಬಳಕ್ಕೆ ಟ್ಯಾಕ್ಸ್ ನಂಬರ್ ಬೇಕು. ಈ ಗಂಟನ್ನ ಯಾವ ತುದಿಯಿಂದ ಬಿಚ್ಚೋದು?

ಕಡತ ಕಣ್ಣು

ತುದಿ ಒಂದೇ: ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆ ಸೇರಿದ 14 ದಿನದೊಳಗೆ ಮಾಡಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪುಟದ ಪತ್ರ ಬೇಕು, ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಬಾಡಿಗೆ ಕರಾರು ಎಷ್ಟೇ ದಪ್ಪಗಿದ್ದರೂ ಈ ಪತ್ರದ ಜಾಗಕ್ಕೆ ಅದು ಆಗಲ್ಲ. 2015ರ ನವೆಂಬರ್‌ನಿಂದ ಕಾನೂನೇ ಹಾಗಿದೆ.

ಹಾಗಾಗಿ ವಿಮಾನ ಹತ್ತುವ ಮೊದಲೇ ಎಚ್‌ಆರ್‌ಗೆ ಒಂದೇ ಪ್ರಶ್ನೆ ಬರೆಯಿರಿ: ಆರು ವಾರದ ಫ್ಲ್ಯಾಟ್‌ಗೆ ಈ ಪತ್ರ ಕೊಡ್ತಾರಾ? ಸರ್ವಿಸ್ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ. ಇಲ್ಲ ಅಂದರೆ ಬೇರೆ ಫ್ಲ್ಯಾಟ್ ಕೇಳಿ. ಬಂದಿಳಿದ ಮೇಲೆ ಕೇಳಿದರೆ ಆರು ವಾರವೂ ಹಾಗೇ ಕಳೆದುಹೋಗುತ್ತೆ.

ನೋಂದಣಿ ಮಾಡೋದು ಬ್ಯುರ್ಗರ್‌ಬ್ಯೂರೋದಲ್ಲಿ, ಅಂದರೆ ನಗರದ ನಾಗರಿಕ ಸೇವಾ ಕಚೇರಿಯಲ್ಲಿ. ಮುಖ್ಯವಾದದ್ದು ರುಪ್ಪರ್ಟ್‌ಸ್ಟ್ರಾಸೆಯಲ್ಲಿದೆ, ಆದರೆ ಊರಿನ ಯಾವ ಶಾಖೆಯಾದರೂ ನಡೆಯುತ್ತೆ. ಟರ್ಮಿನ್ (ಅಪಾಯಿಂಟ್‌ಮೆಂಟ್) ಆನ್‌ಲೈನಲ್ಲಿ ತಗೋಬೇಕು. ಖಾಲಿ ಇಲ್ಲ ಅಂತ ತೋರಿಸಿದರೆ ಮರುದಿನ ಬೆಳಿಗ್ಗೆ ಮತ್ತೆ ನೋಡಿ, ರದ್ದಾದವು ಬರ್ತಾ ಇರುತ್ತವೆ. ಸಿಕ್ಕಿದ್ದು 14 ದಿನ ದಾಟಿದ ತಾರೀಖಾದರೆ, ಬುಕ್ ಮಾಡಿದ ದಿನದ ಇಮೇಲ್ ತೆಗೆದಿಟ್ಟುಕೊಳ್ಳಿ. ಕೊಂಡೊಯ್ಯಬೇಕಾದ್ದು ಪಾಸ್‌ಪೋರ್ಟ್, ವೀಸಾ, ಭರ್ತಿ ಮಾಡಿದ ಫಾರಂ, ಮನೆ ಪತ್ರ.

ಇದಾದ ಎರಡು ಮೂರು ವಾರಕ್ಕೆ 11 ಅಂಕಿಯ ಟ್ಯಾಕ್ಸ್ ಐಡಿ ಅಂಚೆಯಲ್ಲಿ ಬರುತ್ತೆ. ಕೇಳಿಕೊಳ್ಳೋದು ಬೇಡ, ತಾನಾಗಿ ಬರುತ್ತೆ. ಫೋನಲ್ಲೋ ಇಮೇಲಲ್ಲೋ ನಂಬರ್ ಹೇಳಲ್ಲ, ಕಾಗದ ಕಳೆದರೆ ಮತ್ತೆ ಅಂಚೆಗೇ ಕಾಯಬೇಕು. ಅಷ್ಟರಲ್ಲಿ ಸಂಬಳದ ದಿನ ಬಂದರೆ ಕಂಪನಿ ಆರನೇ ದರ್ಜೆಯಲ್ಲಿ ತೆರಿಗೆ ಹಿಡಿಯಬಹುದು, ಆಗ ಕೈಗೆ ಬರೋದು ತೀರಾ ಕಮ್ಮಿ. ಹೆದರಬೇಡಿ, ನಂಬರ್ ಕೊಟ್ಟ ಮೇಲೆ ಮುಂದಿನ ಸಂಬಳದಲ್ಲಿ ಸರಿಹೋಗುತ್ತೆ. ಆದರೆ ಆ ತಿಂಗಳು ದಾಟಲು ದುಡ್ಡು ಕೈಯಲ್ಲಿರಲಿ.

ನೀರ್ದೋಸೆ

ಆ ಫಾರಂನಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ ಉಂಟು ಮಾರಾಯ್ರೆ, ಅದನ್ನು ಹಗುರವಾಗಿ ತುಂಬಬೇಡಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಅಂತ ಬರೆದರೆ ಚರ್ಚ್ ತೆರಿಗೆ ಶುರು. ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ ಮೇಲೆ 8%. ನಮ್ಮ ಮಂಗಳೂರು ಕಡೆಯ ಕ್ರೈಸ್ತರು ಇದು ತಿಳಿದೇ ಬರೆಯಲಿ. ಹಿಂದೂ, ಮುಸ್ಲಿಂ, ಜೈನರಿಗೆ ಇಂಥ ತೆರಿಗೆ ಇಲ್ಲ.

ಇಸಾರ್ ದಂಡೆ

ಸರ್‌ನೇಮ್ ವಿಷಯ. ವೀಸಾ ಆಗಿರುವುದರಿಂದ ಈಗ ಪಾಸ್‌ಪೋರ್ಟ್ ಮುಟ್ಟಬೇಡಿ, ಎರಡರಲ್ಲೂ ಹೆಸರು ಒಂದೇ ಇರಬೇಕು. ವೀಸಾಕ್ಕೆ ಇನ್ನೂ ಹಾಕದವರು ಇದನ್ನು ಓದುತ್ತಿದ್ದರೆ, ಮೊದಲು ಪಾಸ್‌ಪೋರ್ಟಲ್ಲಿ ಸರ್‌ನೇಮ್ ಸೇರಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಜರ್ಮನ್ ಫಾರಂಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಡಲು ಬರುವುದಿಲ್ಲ. ಬ್ಯುರ್ಗರ್‌ಬ್ಯೂರೋದವರು ನಿಮ್ಮ ಹೆಸರನ್ನು ಹೇಗೆ ದಾಖಲಿಸಿದರು ಅಂತ ಅವರು ಕೊಡುವ ನೋಂದಣಿಯ ದೃಢೀಕರಣ ಪತ್ರದಲ್ಲಿ ಅಲ್ಲೇ ನಿಂತು ಓದಿ. ಮುಂದೆ ಬ್ಯಾಂಕು, ವಿಮೆ, ಬಾಡಿಗೆ ಕರಾರು ಎಲ್ಲ ಕಡೆ ಅದೇ ಅಕ್ಷರ, ಅದೇ ಕ್ರಮ. ಒಂದು ಕಡೆ "ಹೆಚ್ ಎಸ್" ಅಂತ ಇನಿಷಿಯಲ್, ಇನ್ನೊಂದು ಕಡೆ ಅದನ್ನೇ ಬಿಡಿಸಿ ಊರು-ಅಪ್ಪನ ಹೆಸರು ಅಂತ ಬರೆದರೆ ಇಲ್ಲಿಯವರ ಕಣ್ಣಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಅದಕ್ಕಿಂತ ದೊಡ್ಡದು ಅಂಚೆಪೆಟ್ಟಿಗೆ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್, ಅಷ್ಟೇ. ಪೋಸ್ಟ್‌ಮ್ಯಾನ್ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕ್ತಾನೆ. ಹೆಸರಿಲ್ಲವೋ, ಕಾಗದ ವಾಪಸ್. ಟ್ಯಾಕ್ಸ್ ಐಡಿ, ಬ್ಯಾಂಕ್ ಪಿನ್, ವಿಮೆ ಕಾರ್ಡ್ ಮೂರೂ ಅಂಚೆಯಲ್ಲೇ ಬರೋದು, ಬಂದ ಹೊಸತರಲ್ಲಿ ಏನೂ ಬರಲಿಲ್ಲ ಅನ್ನುವವರಲ್ಲಿ ಮುಕ್ಕಾಲು ಪಾಲು ಇದೇ ಕತೆ. ಕೀ ಕೈಗೆ ಬಂದ ದಿನವೇ ಪೆಟ್ಟಿಗೆ, ಕರೆಗಂಟೆ ಎರಡಕ್ಕೂ ಚೀಟಿ ಅಂಟಿಸಿ. ಹೆಂಡತಿಯ ಹೆಸರು ನಿಮ್ಮದಕ್ಕಿಂತ ಬೇರೆ ಇದ್ದರೆ ಅದೂ, ಮಗಳದ್ದೂ ಬೇರೆ ಇದ್ದರೆ ಅದೂ. ಮೂರು ಹೆಸರಿರುವ ಚೀಟಿ ನೋಡಿ ಯಾರೂ ನಗಲ್ಲ. ಆರು ವಾರದ ಫ್ಲ್ಯಾಟ್ ಬಿಡುವಾಗ ಅಂಚೆ ಇಲಾಖೆಗೆ ದುಡ್ಡು ಕಟ್ಟಿ ನಾಖ್‌ಸೆಂಡೆಆಫ್‌ಟ್ರಾಗ್ ಮಾಡಿಸಿ, ಹಳೇ ವಿಳಾಸದ ಕಾಗದ ಹೊಸತಕ್ಕೆ ಬರುತ್ತೆ. ಹೊಸ ಮನೆಗೆ ಮತ್ತೆ 14 ದಿನದೊಳಗೆ ನೋಂದಣಿ ಮರೆಯಬೇಡಿ.

ಹೊಸ ಬಾಡಿಗೆದಾರ

ಫ್ಲ್ಯಾಟ್ ನಂಬರೇ ಇರಲ್ಲ ಅನ್ನೋದು ಗೊತ್ತಿರಲಿಲ್ಲ! ಮನೆ ಹುಡುಕೋಕೆ ಈಗಲೇ ಶುರು ಮಾಡಿದ್ದೀನಿ. ನಮಗೆ 2 ಬಿಎಚ್‌ಕೆ ಸಾಕು, ಜಾಹೀರಾತಲ್ಲಿ "2 ತ್ಸಿಮ್ಮರ್" (ಕೋಣೆ) ಅಂತ ಹಾಕಿ ಹುಡುಕ್ತಾ ಇದ್ದೀನಿ, ಸರಿನಾ?

ಕಡತ ಕಣ್ಣು

ತಪ್ಪು. ಇಲ್ಲಿ ಹಾಲ್ ಕೂಡ ಲೆಕ್ಕಕ್ಕೆ ಸೇರುತ್ತೆ. 2 ತ್ಸಿಮ್ಮರ್ ಅಂದರೆ ನಮ್ಮ 1 ಬಿಎಚ್‌ಕೆ. ನಿಮಗೆ ಬೇಕಾದ್ದು 3 ತ್ಸಿಮ್ಮರ್. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ.

ಅಡುಗೆಮನೆ ಅಂದೆ, ಅದರಲ್ಲೂ ಒಂದು ಬಲೆ ಇದೆ. ಜಾಹೀರಾತಲ್ಲಿ ಐನ್‌ಬೌ‌ಕ್ಯುಶೆ ಅಥವಾ ಇಬಿಕೆ ಅಂತ ಇಲ್ಲದಿದ್ದರೆ ನಿಮಗೆ ಸಿಗೋದು ನಾಲ್ಕು ಗೋಡೆ, ಒಂದು ನೀರಿನ ಪೈಪು, ಒಲೆಗೆ ಒಂದು ಕರೆಂಟ್ ಪಾಯಿಂಟ್. ಸಿಂಕ್ ಕೂಡ ಇರಲ್ಲ. ಚಾವಣಿಯಲ್ಲಿ ಬಲ್ಬ್ ಬದಲು ವೈರು ನೇತಾಡುತ್ತಿರುತ್ತೆ. ಮೊದಲ ಮನೆಗೆ ಇಬಿಕೆ ಇರುವುದನ್ನೇ ಹುಡುಕಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಬಾಡಿಗೆ ಎರಡು ಅಂಕಿಯಲ್ಲಿರುತ್ತೆ. ಕಾಲ್ಟ್‌ಮೀಟೆ ಬರೀ ಗೋಡೆಗೆ. ವಾರ್ಮ್‌ಮೀಟೆಯಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸೋದು ಸೇರುತ್ತೆ. ಕರೆಂಟ್, ಇಂಟರ್ನೆಟ್ ಸಾಮಾನ್ಯವಾಗಿ ಅದಕ್ಕೂ ಹೊರಗೆ. ಡೆಪಾಸಿಟ್ ಕಾನೂನಿನ ಪ್ರಕಾರ ಗರಿಷ್ಠ ಮೂರು ಕಾಲ್ಟ್‌ಮೀಟೆ, ಅದನ್ನೂ ತಿಂಗಳಿಗೊಂದರಂತೆ ಮೂರು ಕಂತಲ್ಲಿ ಕಟ್ಟುವ ಹಕ್ಕಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಪುಣ್ಯ ಅನ್ನಿಸಬಹುದು. ಬ್ರೋಕರ್ ಕಮಿಷನ್ ಅವನನ್ನು ಕರೆಸಿದವರೇ ಕೊಡಬೇಕು, 2015ರಿಂದ ಹಾಗೆ. ಓನರ್ ಕರೆಸಿದ್ದರೆ ನಿಮ್ಮಿಂದ ಕೇಳೋ ಹಾಗಿಲ್ಲ.

ಗಿರ್ಮಿಟ್

ಮೋಸದ ವಿಷಯ ಹೇಳ್ರಿ ಅವರಿಗೆ. "ನಾನು ಈಗ ಬೇರೆ ದೇಶದಾಗ ಇದ್ದೀನಿ, ಡೆಪಾಸಿಟ್ ಹಾಕ್ರಿ, ಕೀಲಿ ಕೊರಿಯರ್ ಮಾಡ್ತೀನಿ" ಅಂತ ಯಾವ ಓನರ್ ಬರದರೂ ಅಲ್ಲಿಗೇ ಕೈ ಬಿಡ್ರಿ. ಫೋಟೊ ಭಾಳ ಚಂದ, ಬಾಡಿಗೆ ಭಾಳ ಕಮ್ಮಿ ಇದ್ದರ ಸಂಶಯ ಪಡ್ರಿ. ಮನಿ ಕಣ್ಣಾರೆ ನೋಡಿ, ಕರಾರಿಗೆ ಸಹಿ ಆಗೂತನಕ ಒಂದು ಯೂರೋ ಸೈತ ಕಳಸಬ್ಯಾಡ್ರಿ. ಪಾಸ್‌ಪೋರ್ಟ್ ಪ್ರತಿ ಕೇಳಿದರ ಅದರ ಮ್ಯಾಲೆ ಅಡ್ಡ ಗೆರಿ ಎಳದು ಯಾತಕ್ಕ ಕೊಟ್ಟೀರಿ ಅಂತ ಬರದು ಕೊಡ್ರಿ.

ಇಸಾರ್ ದಂಡೆ

ಅರ್ಜಿಗೆ ಒಂದು ಪಿಡಿಎಫ್ ಕಡತ ಸಿದ್ಧ ಇರಲಿ. ಮೇಲ್ಗಡೆ ಅರ್ಧ ಪುಟ ಜರ್ಮನ್‌ನಲ್ಲಿ ಪರಿಚಯ, ಆಮೇಲೆ ಕೆಲಸದ ಕರಾರು, ಸಂಬಳದ ಚೀಟಿ, ಪಾಸ್‌ಪೋರ್ಟ್ ಪ್ರತಿ, ಶೂಫಾ. ಸಾಮಾನ್ಯವಾಗಿ ಮೂರು ತಿಂಗಳ ಸಂಬಳದ ಚೀಟಿ ಕೇಳ್ತಾರೆ, ನಿಮ್ಮಲ್ಲಿರಲ್ಲ. ಅದರ ಬದಲು ಕರಾರು ಅವಧಿ ಮಿತಿಯಿಲ್ಲದ್ದು ಅಂತ ಎಚ್‌ಆರ್‌ನಿಂದ ಒಂದು ಪತ್ರ ತಗೊಳ್ಳಿ. ಓನರ್‌ಗಳಿಗೆ ಪ್ರೊಬೇಷನ್‌ಗಿಂತ ಆ ಪದವೇ ಮುಖ್ಯ.

ಶೂಫಾ ಅಂದರೆ ನಮ್ಮ ಸಿಬಿಲ್ ಥರ, ಸಾಲ-ಬಾಕಿಯ ದಾಖಲೆ. ಹೊಸಬರದ್ದು ಖಾಲಿ ಇರುತ್ತೆ, ಖಾಲಿ ಇರೋದು ಕೆಟ್ಟದ್ದಲ್ಲ. ಅವರ ತಾಣದಲ್ಲಿ ದುಡ್ಡು ಕೊಟ್ಟು ತಗೊಳ್ಳೋ ವರದಿಯನ್ನೇ ದೊಡ್ಡದಾಗಿ ತೋರಿಸ್ತಾರೆ. ದತ್ತಾಂಶ ರಕ್ಷಣೆ ಕಾನೂನಿನಡಿ ಪುಕ್ಕಟೆ ಪ್ರತಿ ಕೇಳುವ ಹಕ್ಕಿದೆ, ಹೆಸರು ಡಾಟೆನ್‌ಕೋಪಿ. ಅದು ನಿಮ್ಮ ದಾಖಲೆ ಸರಿಯಿದೆಯಾ ಅಂತ ನೀವೇ ನೋಡಿಕೊಳ್ಳೋಕೆ. ಅದರಲ್ಲಿ ನಿಮ್ಮ ಖಾತೆಗಳ ವಿವರವೆಲ್ಲ ಇರುತ್ತೆ, ಇಡಿಯಾಗಿ ಓನರ್‌ಗೆ ಕೊಡಬೇಡಿ.

ಕೀ ತಗೊಳ್ಳುವ ದಿನ ಊಬರ್‌ಗಾಬೆಪ್ರೊಟೊಕೋಲ್ ಅಂತ ಹಸ್ತಾಂತರದ ಪಟ್ಟಿ ಬರೀತಾರೆ. ಗಡಿಬಿಡಿ ಮಾಡಬೇಡಿ. ಕರೆಂಟ್ ಮೀಟರ್ ನಂಬರ್, ರೀಡಿಂಗ್, ಪ್ರತಿ ಕೋಣೆಯ ಹೀಟರ್ ರೀಡಿಂಗ್, ನೆಲದ ಗೀರು, ಬಚ್ಚಲಿನ ಟೈಲ್ಸ್ ಬಿರುಕು ಎಲ್ಲ ಬರೆಸಿ, ಫೋಟೊ ತೆಗೆಯಿರಿ. ಬಿಡುವಾಗ ಡೆಪಾಸಿಟ್ ಜಗಳ ಎಲ್ಲ ಈ ಕಾಗದದ ಮೇಲೇ ನಿಲ್ಲೋದು. ಬಿಡೋಕೆ ಮೂರು ತಿಂಗಳ ನೋಟಿಸ್. ಶಾಯಿಯಲ್ಲಿ ಸಹಿ ಹಾಕಿದ ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಓನರ್ ಕೈ ಸೇರಿದರೆ ಆ ತಿಂಗಳು ಲೆಕ್ಕಕ್ಕೆ ಬರುತ್ತೆ. ಇಮೇಲ್, ವಾಟ್ಸಾಪ್ ನಡೆಯಲ್ಲ.

ಸೋಮಾರಿ ಕಟ್ಟೆ

ಕರೆಂಟ್ ಕನೆಕ್ಷನ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ ಸರ್, ಸ್ವಿಚ್ ಹಾಕಿದರೆ ದೀಪ ಹತ್ತುತ್ತೆ. ಹಾಗೇ ಟಿವಿ ಫೀಸ್ ಅಂತ ಒಂದು ಕಾಗದ ಬರುತ್ತೆ, ಟಿವಿ ಇಲ್ಲದಿದ್ದರೆ ಹರಿದು ಹಾಕಿ.

ಕಡತ ಕಣ್ಣು

ಎರಡೂ ಅರ್ಧ ಸತ್ಯ, ಎರಡನೆಯದು ಅಪಾಯ ಕೂಡ. ಕರೆಂಟ್ ಬರುತ್ತೆ ನಿಜ, ಏಕೆಂದರೆ ಯಾರನ್ನೂ ಆರಿಸದಿದ್ದರೆ ನೀವು ತಾನಾಗಿ ಊರಿನ ಮೂಲ ಸರಬರಾಜುದಾರರ ಗ್ರಾಹಕರಾಗ್ತೀರಿ. ಆ ದರ ಸಾಮಾನ್ಯವಾಗಿ ದುಬಾರಿ. ಒಳ್ಳೆಯದೇನೆಂದರೆ ಅದನ್ನು ಎರಡು ವಾರದ ನೋಟಿಸಲ್ಲಿ ಬಿಡಬಹುದು. ಮೀಟರ್ ನಂಬರ್ ಇಟ್ಟುಕೊಂಡು ಮೊದಲ ವಾರದಲ್ಲೇ ಬೇರೆ ಕಂಪನಿ ನೋಡಿ. ತಿಂಗಳು ತಿಂಗಳು ಕಟ್ಟೋದು ಅಂದಾಜಿನ ಮೊತ್ತ, ವರ್ಷಕ್ಕೊಮ್ಮೆ ನಿಜವಾದ ಲೆಕ್ಕ. ಅಂದಾಜು ಕಮ್ಮಿ ಇಟ್ಟಿದ್ದರೆ ವರ್ಷದ ಕೊನೆಗೆ ಒಟ್ಟಿಗೆ ಬರೆ.

ಟಿವಿ ಫೀಸ್ ಅನ್ನೋದು ರುಂಡ್‌ಫಂಕ್‌ಬೈಟ್ರಾಗ್. 2013ರಿಂದ ಅದು ಟಿವಿಗಲ್ಲ, ಮನೆಗೆ. ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೊಮ್ಮೆ ಕಟ್ಟೋದು. ಕಾಗದ ಹರಿದರೆ ದಂಡ ಸೇರಿಸಿ ಜಪ್ತಿಯವರೆಗೆ ಹೋಗುತ್ತೆ. ಒಂದು ಮನೆಗೆ ಒಂದೇ: ಹೆಂಡತಿ ಹೆಸರಿಗೂ ಡಿಸೆಂಬರ್ ಆದಮೇಲೆ ಕಾಗದ ಬರುತ್ತೆ, ಆಗ ನಿಮ್ಮ ಗ್ರಾಹಕ ಸಂಖ್ಯೆ ಬರೆದು ವಾಪಸ್ ಕಳಿಸಿದರೆ ಮುಗೀತು.

ಗಿರ್ಮಿಟ್

ಹೀಟಿಂಗ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಚಳಿಗಾಲಕ್ಕ ಬರಾಕತ್ತಾರ ಅವರು.

ರೇಡಿಯೇಟರಿನ ಗುಂಡಿ ಮ್ಯಾಲೆ 1ರಿಂದ 5 ಇರತದ. 3 ಅಂದರ ಸುಮಾರು 20 ಡಿಗ್ರಿ. 5ಕ್ಕ ತಿರುಗಿಸಿದರ ಲಗೂನ ಬೆಚ್ಚಗ ಆಗಂಗಿಲ್ಲ, ಬರೇ ಹೆಚ್ಚು ಹೊತ್ತು ಉರೀತದ. ದೊಡ್ಡ ತಪ್ಪು ಏನಂದ್ರ ಚಳಿ ಅಂತ ಕಿಟಕಿ ಮುಚ್ಚಿ ಕುಂಡ್ರೂದು. ನಮ್ಮ ಅಡಗಿ ಅಂದ್ರ ಕುಕ್ಕರ್ ಸೀಟಿ, ಇಡ್ಲಿ ಉಗಿ, ಅನ್ನದ ಗಂಜಿ. ಆ ಹಬೆ ತಣ್ಣನ ಹೊರಗೋಡಿಗೆ ಬಡದು ನೀರಾಗತದ, ಬೀರುವಿನ ಹಿಂದ ಕರೀ ಬೂಷ್ಟು ಹಿಡೀತದ. ಓನರ್ ಅದರ ಖರ್ಚು ನಿಮ್ಮ ಮ್ಯಾಲೆ ಹಾಕಾಕ ನೋಡ್ತಾನ. ದಿನಕ್ಕ ಎರಡು ಮೂರು ಸಲ ಹೀಟರ್ ಬಂದ್ ಮಾಡಿ ಕಿಟಕಿ ಪೂರ್ತಿ ತಗದು ಐದು ಹತ್ತು ನಿಮಿಷ ಬಿಡ್ರಿ. ಕಿಟಕಿ ಮ್ಯಾಲಿಂದ ಒಂಚೂರು ವಾಲಿಸಿ ಇಡೀ ದಿನ ಬಿಟ್ಟರ ಗೋಡಿ ತಣ್ಣಗಾಗತದ, ಗಾಳಿ ಬದಲಾಗಂಗಿಲ್ಲ. ಒಂದು ಸಣ್ಣ ತೇವಮಾಪಕ ತಗೋರಿ, 40ರಿಂದ 60% ನಡುವ ಇರಬೇಕು. ಬೀರು ಹೊರಗೋಡಿಯಿಂದ ಒಂದು ಗೇಣು ದೂರ ಇಡ್ರಿ.

ನೀರ್ದೋಸೆ

ಅಡುಗೆ ಮಾತು ಬಂತಲ್ಲ, ನಾನೂ ಸೇರುತ್ತೇನೆ.

ಕರೆಂಟ್ ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್, ಆದ್ದರಿಂದ ಊರಿನ ಮಿಕ್ಸಿ ಇಲ್ಲಿ ಸಲೀಸು ಓಡುತ್ತದೆ. ಪ್ಲಗ್ ಮಾತ್ರ ಬೇರೆ. ಅರ್ಥಿಂಗ್ ಇಲ್ಲದ ಅಗ್ಗದ ಅಡಾಪ್ಟರಿಗೆ 750 ವಾಟ್ ಮಿಕ್ಸಿ ಸಿಕ್ಕಿಸಬೇಡಿ, ಅರ್ಥ್ ಇರುವ ಶೂಕೋ ಪ್ಲಗ್ಗನ್ನೇ ಹಾಕಿಸಿ. ಕುಕ್ಕರ್ ತರುವ ಮೊದಲು ಒಲೆ ಯಾವುದು ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ಸೆರಾನ್ ಗಾಜಿನ ಒಲೆಯಾದರೆ ತಳ ಚಪ್ಪಟೆ ಇದ್ದರೆ ಸಾಕು. ತಳಕ್ಕೆ ಆಯಸ್ಕಾಂತ ಅಂಟಿದರೆ ಇಂಡಕ್ಷನ್‌ಗೆ ಆಗುತ್ತದೆ. ಕಬ್ಬಿಣದ ಕಾವಲಿ ಚಪ್ಪಟೆಯಿದ್ದರೆ ಎರಡಕ್ಕೂ ಆಗುತ್ತದೆ.

ದೋಸೆ ಹಿಟ್ಟು 20 ಡಿಗ್ರಿಯಲ್ಲಿ ಬೇಗ ಹುಳಿ ಬರುವುದಿಲ್ಲ. ಓವನ್ ಉರಿಸದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಇಡಿ, ಕೆಳಗೊಂದು ತಟ್ಟೆ ಇರಲಿ, ಉಕ್ಕಿದರೆ ತೊಳೆಯುವುದು ಸುಲಭ. ಉಪ್ಪಿಟ್ಟಿಗೆ ಸೂಪರ್ ಮಾರ್ಕೆಟ್ಟಿನ ವೈಖ್‌ವೈಟ್ಸನ್‌ಗ್ರೀಸ್, ಅದು ಮೆದು ಗೋಧಿಯ ರವೆ. ಹಾರ್ಟ್‌ವೈಟ್ಸನ್ ಬೇರೆ ಜಾತಿ, ಗಟ್ಟಿ. ತುಪ್ಪಕ್ಕೆ ಬುಟರ್‌ಶ್ಮಾಲ್ಟ್ಸ್. 405 ನಂಬರ್ ಹಿಟ್ಟು ಮೈದಾದ ಹಾಗೆ, ಚಪಾತಿಗೆ ಅದನ್ನು ಹಿಡಿಯಬೇಡಿ. ತೊಗರಿಬೇಳೆ, ಬ್ಯಾಡಗಿ ಮೆಣಸಿಗೆ ರೈಲ್ವೆ ಸ್ಟೇಷನ್ ಹತ್ತಿರದ ಬೀದಿಗಳ ಅಂಗಡಿ ನೋಡಿ.

ಸೂಟ್‌ಕೇಸ್ ತುಂಬುವಾಗ: ಹಾಲಿನ ಪದಾರ್ಥ, ಮಾಂಸ ಯುರೋಪಿನ ಹೊರಗಿನಿಂದ ತರುವ ಹಾಗಿಲ್ಲ. ಅಮ್ಮ ಕಾಯಿಸಿದ ತುಪ್ಪವೂ ಅದರಲ್ಲೇ ಬರುತ್ತದೆ. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ಬೇಡ. ಸಾರಿನ ಪುಡಿ, ಒಣಮೆಣಸು, ಹುಣಸೆಹಣ್ಣಿಗೆ ಜಾಗ ಇಡಿ.

ಇಸಾರ್ ದಂಡೆ

ಮಿಕ್ಸಿ ಓಡಿಸೋಕೆ ಹೊತ್ತೂ ನೋಡಿಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ ಆರು ಅಥವಾ ಏಳರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡೋ ಹಾಗಿಲ್ಲ. ನಿಖರ ಹೊತ್ತು ಕಟ್ಟಡದ ನಿಯಮಪಟ್ಟಿ, ಅಂದರೆ ಹೌಸ್‌ಓರ್ಡ್‌ನುಂಗ್‌ನಲ್ಲಿರುತ್ತೆ. ಗೋಡೆಗೆ ಡ್ರಿಲ್ ಭಾನುವಾರ ಬೇಡವೇ ಬೇಡ. ಖಾಲಿ ಬಾಟಲಿಯನ್ನು ಗಾಜಿನ ಕಂಟೇನರ್‌ಗೆ ಭಾನುವಾರ ಎಸೆಯೋದೂ ತಪ್ಪು. ಅಂಗಡಿಗಳು ವಾರದ ದಿನ ರಾತ್ರಿ 8ಕ್ಕೆ ಮುಚ್ಚುತ್ತವೆ, ಭಾನುವಾರ ತೆಗೆಯಲ್ಲ. ಹಾಲು ಮುಗಿದರೆ ಹೌಪ್ಟ್‌ಬಾನ್‌ಹೋಫ್ ಅಥವಾ ಓಸ್ಟ್‌ಬಾನ್‌ಹೋಫ್ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಯೇ ಗತಿ.

ಬಾಟಲಿ ಎಸೆಯುವ ಮೊದಲು ಪ್ಫಾಂಡ್ (ಬಾಟಲಿ ಡೆಪಾಸಿಟ್) ಗುರುತು ನೋಡಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್ ವಾಪಸ್. ಜಜ್ಜಿದರೆ ಯಂತ್ರ ಓದಲ್ಲ.

ಹೊಸ ಬಾಡಿಗೆದಾರ

ಎಲ್ಲರಿಗೂ ಧನ್ಯವಾದ. ಕುಟುಂಬ ಬರುವಾಗ ಏನೇನು ಜೊತೆಗಿರಬೇಕು? ಆಮೇಲೆ ಇಲ್ಲಿನ ಡಿಎಲ್ ಅಲ್ಲಿ ನಡೆಯುತ್ತಾ?

ಕಡತ ಕಣ್ಣು

ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ ಎರಡರ ಮೂಲ ಪ್ರತಿ. ಕರ್ನಾಟಕದ ಹಳೇ ಪ್ರಮಾಣಪತ್ರಗಳು ಬರೀ ಕನ್ನಡದಲ್ಲಿದ್ದರೆ ಜರ್ಮನ್‌ಗೆ ಪ್ರಮಾಣವಚನ ಪಡೆದ ಅನುವಾದಕರಿಂದಲೇ ಮಾಡಿಸಬೇಕಾಗುತ್ತೆ, ಕನ್ನಡದಿಂದ ನೇರ ಮಾಡುವವರು ಸುಲಭಕ್ಕೆ ಸಿಗಲ್ಲ. ಊರಲ್ಲೇ ಇಂಗ್ಲಿಷ್ ಇರುವ ಪ್ರತಿ ತೆಗೆಸಿಕೊಳ್ಳಿ. ಎರಡರಲ್ಲೂ ನಿಮ್ಮ ಹೆಸರು ಪಾಸ್‌ಪೋರ್ಟಿನ ಹಾಗೇ ಇದೆಯಾ ನೋಡಿ.

ಅವರ ನೋಂದಣಿಯಾದ ಮೇಲೆ ತೆರಿಗೆ ದರ್ಜೆ 4-4 ಆಗುತ್ತೆ, ಅಂದರೆ ಇಬ್ಬರಿಗೂ 4. ಹೆಂಡತಿಗೆ ಸಂಬಳ ಇಲ್ಲದಿದ್ದರೆ 3-5ಕ್ಕೆ (ನಿಮಗೆ 3, ಅವರಿಗೆ 5) ಅರ್ಜಿ ಹಾಕಿ, ತಿಂಗಳ ಕೈಸಂಬಳ ಏರುತ್ತೆ. ಆರೋಗ್ಯ ವಿಮೆ ಸರ್ಕಾರಿ ಪದ್ಧತಿಯದ್ದಾದರೆ ಆದಾಯವಿಲ್ಲದ ಹೆಂಡತಿ, ಮಗಳು ಹೆಚ್ಚುವರಿ ಕಂತಿಲ್ಲದೆ ಸೇರ್ತಾರೆ. ಖಾಸಗಿಯಲ್ಲಿ ತಲೆಗೊಂದು ಕಂತು, ವಾಪಸ್ ಬರೋದೂ ಕಷ್ಟ. ಏಜೆಂಟ್ ತೋರಿಸುವ ಒಂಟಿ ಮನುಷ್ಯನ ಲೆಕ್ಕ ನಿಮ್ಮದಲ್ಲ.

ಮಗಳ ಲಸಿಕೆ ಕಾರ್ಡ್ ಮರೆಯಬೇಡಿ. 2020ರ ಮಾರ್ಚ್‌ನಿಂದ ಕಿಟಾಗೆ (ಶಿಶುವಿಹಾರ) ಸೇರಿಸಲು ದಡಾರ ಲಸಿಕೆಯ ಪುರಾವೆ ಕಡ್ಡಾಯ, ಅವಳ ವಯಸ್ಸಿಗೆ ಎರಡು ಡೋಸ್. ತಾರೀಖು ಬರೆಯದೆ ಬರೀ ಟಿಕ್ ಹಾಕಿದ ಕಾರ್ಡ್ ಆದರೆ ಈಗಲೇ ಆಸ್ಪತ್ರೆಗೆ ಹೋಗಿ ತಾರೀಖು, ಸೀಲು ಹಾಕಿಸಿ. ಕಿಟಾ ಜಾಗಕ್ಕೆ ಕಾಯುವವರು ಬಹಳ, ಊರಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಬೇಗ ಹೆಸರು ಹಾಕಿ.

ಇಸಾರ್ ದಂಡೆ

ಡಿಎಲ್: ನೆಲೆಸಿದ ಆರು ತಿಂಗಳು ನಡೆಯುತ್ತೆ, ಜೊತೆಗೆ ಜರ್ಮನ್ ಅನುವಾದ ಇರಲಿ. ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಕೊಡಬೇಕು. ಪಾಠಕ್ಕೆ ಕಡ್ಡಾಯ ಗಂಟೆಗಳಿಲ್ಲ, ಆದರೆ ಪರೀಕ್ಷೆ ಡ್ರೈವಿಂಗ್ ಸ್ಕೂಲ್ ಮೂಲಕವೇ. ಥಿಯರಿ ಇಂಗ್ಲಿಷಲ್ಲಿ ಬರೆಯಬಹುದು. ನಮ್ಮವರು ಫೇಲಾಗೋದು ಬೋರ್ಡ್ ಇಲ್ಲದ ಸಣ್ಣ ಕೂಡುರಸ್ತೆಯಲ್ಲಿ: ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು, ನೀವಿರುವ ರಸ್ತೆ ಎಷ್ಟು ಅಗಲವಿದ್ದರೂ.

ಊರೊಳಗೆ ಕಾರೇ ಬೇಡ. ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಮೆಟ್ರೊ, ಟ್ರಾಮ್, ಬಸ್, ಲೋಕಲ್ ರೈಲು ಎಲ್ಲಕ್ಕೂ ಆಗುತ್ತೆ, ದೂರದೂರಿನ ವೇಗದ ರೈಲು ಐಸಿಇಗೆ ಆಗಲ್ಲ. ಅದು ಚಂದಾ, ನಿಲ್ಲಿಸಬೇಕೆಂದರೆ ಆ ತಿಂಗಳ 10ರೊಳಗೆ ಹೇಳಬೇಕು. ಬಿಡಿ ಕಾಗದದ ಟಿಕೆಟ್ ತಗೊಂಡರೆ ನೀಲಿ ಯಂತ್ರದಲ್ಲಿ ಮುದ್ರೆ ಒತ್ತಿ ಹತ್ತಿ. ಗೇಟಿಲ್ಲ ಅಂತ ಹಾಗೇ ನುಗ್ಗಿದರೆ 60 ಯೂರೋ ದಂಡ, ಹೊಸಬ ಅಂದರೂ ಬಿಡಲ್ಲ.

ಗಿರ್ಮಿಟ್

ಊರು ಬಿಡೂ ಮುಂಚೆ ಇಂಡಿಯಾ ಸಿಮ್ಮಿಗೆ ರೋಮಿಂಗ್ ಚಾಲೂ ಮಾಡಿಸಿ, ಒಟಿಪಿ ಬರೂದು ಅದರಾಗನ. ಉಳಿತಾಯ ಖಾತೆ ಎನ್‌ಆರ್‌ಒ (ಹೊರದೇಶದಾಗ ಇರೋರ ಖಾತೆ) ಮಾಡಿಸೂದು ನಿಯಮ ಅದ, ಬ್ಯಾಂಕಿಗೆ ಖುದ್ದು ಹೋಗಾಕ ಆಗತಿರೂವಾಗನ ಫಾರಂ ಕೇಳ್ರಿ.

ಕಡತ ಕಣ್ಣು

ಒಂದು ಬಿಟ್ಟಿದ್ದೆ. ವೀಸಾ ಮುಗಿಯುವ ಮೊದಲೇ ಬ್ಲೂ ಕಾರ್ಡ್ ಅರ್ಜಿ ಆನ್‌ಲೈನಲ್ಲಿ ಹಾಕಿ. ಕಾರ್ಡ್ ತಡವಾದರೆ ಫಿಕ್‌ಸಿಯೋನ್ಸ್‌ಬೆಷೈನಿಗುಂಗ್ ಅಂತ ಮಧ್ಯಂತರ ಪತ್ರ ಕೊಡ್ತಾರೆ. ಅದರಲ್ಲಿ ಜರ್ಮನಿಯ ವಾಸ್ತವ್ಯ ಕಾನೂನಿನ 81ನೇ ವಿಧಿಯ 4ನೇ ಉಪವಿಧಿಗೆ ಗುರುತು ಹಾಕಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು, 3ಕ್ಕೆ ಹಾಕಿದ್ದರೆ ಬರಲು ಆಗಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಆ ಚೌಕ ನೋಡಿ.

ಹೊಸ ಬಾಡಿಗೆದಾರ

ಮನೆ ಪತ್ರ ಕೇಳಿ ಎಚ್‌ಆರ್‌ಗೆ ಈಗಷ್ಟೇ ಮೇಲ್ ಹಾಕಿದೆ. ಲಸಿಕೆ ಕಾರ್ಡಲ್ಲಿ ಎರಡನೇ ಡೋಸ್‌ಗೆ ತಾರೀಖಿಲ್ಲ, ಬರೀ ಟಿಕ್ಕೇ ಇದೆ. ನಾಳೆ ಆಸ್ಪತ್ರೆಗೆ ಹೋಗಬೇಕು.